ಉಗ್ರಾಣದಲ್ಲಿ ಕೂತು ತಿನ್ನುವ ಸರಕು

ಮಾರ್ಚ್ ತಿಂಗಳ ಕೊನೆಯ ದಿನ ಬಂತೆಂದರೆ ನಮ್ಮ ಸಹಕಾರ ಸಂಘಗಳ ಉಗ್ರಾಣಗಳಲ್ಲಿ ದಾಸ್ತಾನು ಎಣಿಕೆಯ ಗಡಿಬಿಡಿ. ಗೊಬ್ಬರದ ಚೀಲ, ಮೈಲುತುತ್ತದ ಮೂಟೆ, ಸಿಂಪರಣೆ ಪಂಪಿನ ವಾಷರು, ಡೀಸೆಲ್ ಎಂಜಿನ್ನಿನ ಬಿಡಿಭಾಗ, ಹೀಗೆ ಎಲ್ಲವನ್ನೂ ಎಣಿಸಿ, ಪುಸ್ತಕದೊಡನೆ ತಾಳೆ ನೋಡಿ, ಖರೀದಿ ದರದಿಂದ ಗುಣಿಸಿ, ಬಂದ ಮೊತ್ತವನ್ನು ಆಸ್ತಿ-ಜವಾಬ್ದಾರಿ ತಖ್ತೆಗೆ ಏರಿಸಲಾಗುತ್ತದೆ. ತಾಳೆ ಸರಿಯಾದರೆ ಎಲ್ಲರಿಗೂ ಸಮಾಧಾನ. ಆದರೆ ಈ ಎಣಿಕೆ ‘ಎಷ್ಟಿದೆ?’ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ‘ಇದನ್ನು ಇನ್ನು ಮುಂದೆ ಕೊಳ್ಳುವವರು ಇದ್ದಾರೆಯೆ?’ ಎಂಬ ಪ್ರಶ್ನೆಯನ್ನು ಅದು ಕೇಳುವುದಿಲ್ಲ. ಸಂಘದ ಬಂಡವಾಳ ಸದ್ದಿಲ್ಲದೆ ಕರಗುವುದು ಈ ಎರಡನೆಯ ಪ್ರಶ್ನೆಯ ಜಾಗದಲ್ಲಿ.

ಕೆಟ್ಟದ್ದು ಬೇರೆ, ಬಳಕೆ ತಪ್ಪಿದ್ದು ಬೇರೆ

ಮಾರಾಟವಾಗದೆ ಉಳಿದ ಸರಕನ್ನೆಲ್ಲ ‘ಹಳೇ ಸ್ಟಾಕು’ ಎಂದು ಒಂದೇ ಮಾತಿನಲ್ಲಿ ಕರೆಯುವುದು ರೂಢಿ. ವಾಸ್ತವವಾಗಿ ಇದರಲ್ಲಿ ಮೂರು ಬಗೆಗಳಿವೆ. ಬೋರ್ಡೋ ದ್ರಾವಣಕ್ಕೆಂದು ತರಿಸಿದ ಸುಟ್ಟ ಸುಣ್ಣವು ಮಳೆಗಾಲದ ತೇವ ಮತ್ತು ಗಾಳಿಯನ್ನು ಹೀರಿ ತನ್ನ ಗುಣವನ್ನು ಕಳೆದುಕೊಂಡರೆ ಅದು ಕೆಟ್ಟ ಸರಕು. ಡಬ್ಬಿಯ ಮೇಲೆ ಅಚ್ಚಾದ ದಿನಾಂಕ ದಾಟಿದ ಔಷಧಿಯು ಅವಧಿ ಮೀರಿದ ಸರಕು. ಮೂರನೆಯದು ಬಳಕೆ ತಪ್ಪಿದ ಸರಕು. ಅದಕ್ಕೆ ತುಕ್ಕು ಹಿಡಿದಿರುವುದಿಲ್ಲ, ಗೆದ್ದಲು ತಿಂದಿರುವುದಿಲ್ಲ, ತಂದ ದಿನ ಇದ್ದಂತೆಯೇ ಹೊಳೆಯುತ್ತಿರುತ್ತದೆ. ಆದರೆ ಅದನ್ನು ಬಳಸುವ ಯಂತ್ರವೋ, ಪದ್ಧತಿಯೋ, ಕಾನೂನಿನ ಅನುಮತಿಯೋ ಹೊರಗೆ ಇಲ್ಲವಾಗಿರುತ್ತದೆ. ಕಣ್ಣಿಗೆ ಕಾಣುವ ದೋಷವಿಲ್ಲದ ಕಾರಣ ಎಣಿಕೆಗೆ ಬಂದವರು ಅದನ್ನು ಪೂರ್ಣ ಬೆಲೆಗೆ ಬರೆದುಕೊಂಡು ಹೋಗುತ್ತಾರೆ.

ವಯಸ್ಸೊಂದನ್ನೇ ನೋಡಿ ಇದನ್ನು ತೀರ್ಮಾನಿಸುವಂತಿಲ್ಲ ಎಂಬುದನ್ನು ಅಡಿಕೆ ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಕರಾವಳಿಯ ಚಾಲಿ ಮಾರುಕಟ್ಟೆಯಲ್ಲಿ ಚೆನ್ನಾಗಿ ಕಾಪಾಡಿದ ಹಳೆ ಅಡಿಕೆಗೆ ಸಾಮಾನ್ಯವಾಗಿ ಹೊಸ ಅಡಿಕೆಗಿಂತ ಹೆಚ್ಚಿನ ಧಾರಣೆ. ಸಿಂಗಲ್ ಚೋಲು, ಡಬಲ್ ಚೋಲು ಎಂದು ವರ್ಷದ ಲೆಕ್ಕದಲ್ಲೇ ಅದಕ್ಕೆ ಹೆಸರು. ಕಾಫಿಯ ಮಾತು ಬೇರೆ. ಮಳೆಗಾಲವನ್ನು ಗೋದಾಮಿನಲ್ಲಿ ಕಳೆದ ಪಾರ್ಚ್‌ಮೆಂಟಿನ ಬೀಜ ಬಣ್ಣಗೆಟ್ಟು, ಹೊಸ ಬೆಳೆ ಬಂದೊಡನೆ ಹಿಂದೆ ಸರಿಯುತ್ತದೆ. ಒಂದೇ ಗೋದಾಮು, ಒಂದೇ ಒಂದು ವರ್ಷ. ಒಂದಕ್ಕೆ ಲಾಭ, ಇನ್ನೊಂದಕ್ಕೆ ನಷ್ಟ. ಆದುದರಿಂದ ಸರಕು ಎಷ್ಟು ಹಳೆಯದು ಎಂಬುದಕ್ಕಿಂತ ಅದನ್ನು ಬೇಡುವವರು ಉಳಿದಿದ್ದಾರೆಯೆ ಎಂಬುದೇ ಮುಖ್ಯ.

ಬಳಕೆ ಹೇಗೆ ತಪ್ಪುತ್ತದೆ?

ಮೊದಲನೆಯ ದಾರಿ ಕಾನೂನಿನದು. ಕಾಫಿಯ ಬಿಳಿ ಕಾಂಡಕೊರಕಕ್ಕೆ ಒಂದು ಕಾಲದಲ್ಲಿ ಬಿ.ಎಚ್.ಸಿ. ಪುಡಿಯನ್ನು ನೀರಿನಲ್ಲಿ ಕಲಸಿ ಕಾಂಡಕ್ಕೆ ಬಳಿಯುತ್ತಿದ್ದೆವು. 1997ರ ಏಪ್ರಿಲ್ 1ರಿಂದ ಅದು ನಿಷೇಧವಾಯಿತು. ಅದರ ಜಾಗಕ್ಕೆ ಬಂದ ಲಿಂಡೇನ್ ತಯಾರಿಕೆಯನ್ನು ಕೇಂದ್ರ ಸರ್ಕಾರ 2011ರ ಮಾರ್ಚ್ 25ರಿಂದಲೂ, ಬಳಕೆಯನ್ನು 2013ರ ಮಾರ್ಚ್ 25ರಿಂದಲೂ ನಿಲ್ಲಿಸಿತು. ಅಂದರೆ ಇದ್ದ ದಾಸ್ತಾನು ತೀರಿಸಲು ಎರಡು ವರ್ಷಗಳ ವಾಯಿದೆ ದೊರಕಿತ್ತು. ಎಂಡೋಸಲ್ಫಾನ್ ವಿಷಯದಲ್ಲಿ ಹಾಗಾಗಲಿಲ್ಲ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಣಿಸಿಕೊಂಡು ನಂತರ ಕರ್ನಾಟಕದ ತೋಟಗಳಿಗೂ ಹಬ್ಬಿದ ಕಾಫಿ ಕಾಯಿಕೊರಕಕ್ಕೆ ಅದನ್ನೇ ಸಿಂಪಡಿಸುತ್ತಿದ್ದರು. 2011ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಅದನ್ನು ತಾತ್ಕಾಲಿಕವಾಗಿ ತಡೆಯಿತು. ಮೇ 13ರಂದು ಸರ್ವೋಚ್ಚ ನ್ಯಾಯಾಲಯದ ಮಧ್ಯಂತರ ಆದೇಶ ಇಡೀ ದೇಶಕ್ಕೆ ಅನ್ವಯಿಸಿತು. ಹಿಂದಿನ ದಿನದವರೆಗೆ ಸರಕಾಗಿದ್ದುದು ಮರುದಿನ ಹೊರೆಯಾಯಿತು. ಜನರ ಆರೋಗ್ಯದ ದೃಷ್ಟಿಯಿಂದ ಆದದ್ದು ಸರಿಯೇ. ಇದರಿಂದ ಉಗ್ರಾಣ ಕಲಿಯಬೇಕಾದ ಪಾಠವೆಂದರೆ, ವಿವಾದಕ್ಕೆ ಸಿಕ್ಕಿದ ಔಷಧಿಯನ್ನು ರಿಯಾಯಿತಿ ದರದ ಆಸೆಗೆ ಇಡೀ ಹಂಗಾಮಿಗಾಗುವಷ್ಟು ತರಿಸಿಡಬಾರದು.

ಎರಡನೆಯ ದಾರಿ ಯಂತ್ರದ್ದು. ಊರಿಗೆ ವಿದ್ಯುತ್ ಬಂದ ಮೇಲೆ ಡೀಸೆಲ್ ಪಂಪ್‌ಸೆಟ್ಟುಗಳು ಒಂದೊಂದಾಗಿ ಕೊಟ್ಟಿಗೆ ಸೇರುತ್ತವೆ. ಬಿಡಿಭಾಗದ ಬೇಡಿಕೆ ಅಂದೇ ನಿಲ್ಲುವುದಿಲ್ಲ. ಹಳೆಯ ಎಂಜಿನ್ನುಗಳು ಕೆಡುವುದು ಹೆಚ್ಚಾದ್ದರಿಂದ ಕೆಲವು ಕಾಲ ಮಾರಾಟ ಏರುವುದೂ ಉಂಟು. ಆ ಏರಿಕೆಯನ್ನು ನಂಬಿ ಹೆಚ್ಚು ತರಿಸಿದವರ ಕಪಾಟಿನಲ್ಲಿ ಅವು ಶಾಶ್ವತವಾಗಿ ಉಳಿಯುತ್ತವೆ.

ಮೂರನೆಯ ದಾರಿ ನಮ್ಮದೇ ಖರೀದಿಯದು. ‘ಹತ್ತು ಪೆಟ್ಟಿಗೆ ಕೊಂಡರೆ ಒಂದು ಉಚಿತ’ ಎಂಬ ಮಾತಿಗೆ ಒಲಿದು, ಎರಡು ಪೆಟ್ಟಿಗೆ ಸಾಕಾಗುವಲ್ಲಿ ಹನ್ನೊಂದು ಇಳಿಸಿಕೊಳ್ಳುವುದು. ಬಳಕೆ ತಪ್ಪುವ ಕಾಲ ಬಂದಾಗ ನಷ್ಟದ ಗಾತ್ರವನ್ನು ನಿರ್ಧರಿಸುವುದು ಈ ಮೂರನೆಯದೇ.

ನಷ್ಟದ ಲೆಕ್ಕ

ಒಂದು ಲೆಕ್ಕ ಹಾಕಿ ನೋಡೋಣ. ತಲಾ 250 ರೂಪಾಯಿಗೆ ಕೊಂಡ 120 ಬಿಡಿಭಾಗಗಳಿವೆ ಎನ್ನಿ. ಪುಸ್ತಕದಲ್ಲಿ ಅವುಗಳ ಬೆಲೆ 30,000 ರೂಪಾಯಿ. ಕಳೆದ ವರ್ಷ ತಲಾ 300 ರೂಪಾಯಿಯಂತೆ ಆರು ಮಾತ್ರ ಮಾರಾಟವಾದವು. ಈ ವೇಗದಲ್ಲಿ ದಾಸ್ತಾನು ತೀರಲು 20 ವರ್ಷ ಬೇಕು. ಸಂಘವು ಬ್ಯಾಂಕಿನ ಸಾಲಕ್ಕೆ ಶೇಕಡಾ 10ರಂತೆ ಬಡ್ಡಿ ಕಟ್ಟುತ್ತಿದ್ದರೆ, ಈ ಸರಕಿನ ಪಾಲಿಗೆ ವರ್ಷದ ಬಡ್ಡಿ 3,000 ರೂಪಾಯಿ. ವರ್ಷದ ಮಾರಾಟದಿಂದ ಕೈಗೆ ಬಂದದ್ದು 1,800 ರೂಪಾಯಿ. ಮಾರಿದ ಹಣವೆಲ್ಲ ಸೇರಿದರೂ ಬಡ್ಡಿಗೆ ಸಾಲದು. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಮನುಷ್ಯರಿಗೆ ಮಾತ್ರವಲ್ಲ, ಸರಕಿಗೂ ಅನ್ವಯಿಸುತ್ತದೆ.

ಹೀಗಿದ್ದೂ ಈ ನಷ್ಟವನ್ನು ಒಪ್ಪಿ ಬರೆಯಲು ಹಿಂಜರಿಕೆ ಏಕೆ? ಬರೆದರೆ ಆ ವರ್ಷದ ಲಾಭ ಇಳಿಯುತ್ತದೆ, ಡಿವಿಡೆಂಡ್ ಕಡಿಮೆಯಾಗುತ್ತದೆ, ಮಹಾಸಭೆಯಲ್ಲಿ ಪ್ರಶ್ನೆ ಏಳುತ್ತದೆ. ಖರೀದಿಗೆ ಸಹಿ ಹಾಕಿದ ನೌಕರನಿಗೆ ತನ್ನ ಮೇಲೆ ಹೊರೆ ಬಂದೀತೆಂಬ ಭಯ. ಆದುದರಿಂದ ಅದೇ ಸರಕು ಅದೇ ಬೆಲೆಗೆ ಮತ್ತೊಂದು ವರ್ಷ ಎಣಿಕೆಯಾಗುತ್ತದೆ. ಪರಿಣಾಮವೇನೆಂದರೆ, ಇಲ್ಲದ ಲಾಭದಿಂದ ಡಿವಿಡೆಂಡ್ ಹಂಚಿದಂತಾಗುತ್ತದೆ. ಇಂದಿನ ಸದಸ್ಯ ಅದನ್ನು ಪಡೆಯುತ್ತಾನೆ. ಹತ್ತು ವರ್ಷಗಳ ನಂತರ ಷೇರು ಹಣ ಕಟ್ಟಿ ಬರುವ ಅವನ ಮಗನ ವಯಸ್ಸಿನ ಬೆಳೆಗಾರ ಒಂದೇ ಗಂಟಿನಲ್ಲಿ ನಷ್ಟವನ್ನು ಹೊರುತ್ತಾನೆ.

ಲೆಕ್ಕಶಾಸ್ತ್ರದ ನಿಯಮ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಭಾರತದ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯು 1981ರಲ್ಲಿ ಹೊರಡಿಸಿ 1999ರಲ್ಲಿ ಪರಿಷ್ಕರಿಸಿದ ಎರಡನೆಯ ಲೆಕ್ಕ ಮಾನದಂಡದ ಪ್ರಕಾರ, ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಾಟದ ಖರ್ಚು ಕಳೆದು ಕೈಗೆ ಬರಬಹುದಾದ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ ಹಿಡಿಯಬೇಕು.

ಹಂಗಾಮಿನ ಕಣ್ಣಿನಿಂದ ನೋಡಬೇಕು

ಪಟ್ಟಣದ ಅಂಗಡಿಯವರು ಮೂರು ತಿಂಗಳು ಮಾರಾಟವಾಗದ ಸರಕನ್ನು ಸತ್ತದ್ದೆಂದು ಎಣಿಸಬಹುದು. ನಮಗೆ ಆ ಲೆಕ್ಕ ಹೊಂದುವುದಿಲ್ಲ. ಮೈಲುತುತ್ತಕ್ಕೆ ಬೇಡಿಕೆ ಮುಂಗಾರಿನ ಮುನ್ನ ಮೊದಲ ಸಿಂಪರಣೆಗೆ, ಮತ್ತೆ 40-45 ದಿನಗಳ ನಂತರದ ಎರಡನೆಯ ಸಿಂಪರಣೆಗೆ. ಉಳಿದ ಕಾಲ ಅದು ಅಲುಗದಿದ್ದರೆ ಆಶ್ಚರ್ಯವಿಲ್ಲ. ಪಲ್ಪರಿನ ಬಿಡಿಭಾಗ ಕೊಯ್ಲಿನ ಕೆಲವು ತಿಂಗಳು ಮಾತ್ರ ಬೇಕು. ಆದುದರಿಂದ ತಿಂಗಳನ್ನು ಬಿಟ್ಟು ಹಂಗಾಮನ್ನು ಎಣಿಸಬೇಕು. ಪ್ರತಿ ಸರಕಿನ ಚೀಟಿಯಲ್ಲಿ ಕೊನೆಯ ಮಾರಾಟದ ದಿನಾಂಕವನ್ನು ಬರೆಯುವ ಒಂದು ಅಂಕಣ ಸೇರಿಸಿದರೆ ಅರ್ಧ ಕೆಲಸ ಆದಂತೆಯೇ.

ಒಂದು ಹಂಗಾಮು ಪೂರ್ತಿ ಅಲುಗದ ಸರಕಿನ ಹೊಸ ಖರೀದಿಯನ್ನು ನಿಲ್ಲಿಸಬೇಕು. ಎರಡು ಹಂಗಾಮು ಅಲುಗದಿದ್ದರೆ ಬೆಲೆ ಇಳಿಸಿ ಮಾರುವ, ಸರಬರಾಜುದಾರರಿಗೆ ಹಿಂತಿರುಗಿಸುವ ಅಥವಾ ಬೇಡಿಕೆಯಿರುವ ನೆರೆಯ ಸಂಘಕ್ಕೆ ಕೊಡುವ ಪ್ರಯತ್ನ ಆಗಬೇಕು. ಮೂರನೆಯ ಹಂಗಾಮಿಗೆ ಗುಜರಿ ಬೆಲೆಯನ್ನಷ್ಟೇ ಪುಸ್ತಕದಲ್ಲಿ ಉಳಿಸುವುದು ಲೇಸು. ಇದಕ್ಕೊಂದು ಅಪವಾದವಿದೆ. ಸಂಘದ್ದೇ ಕ್ಯೂರಿಂಗ್ ಘಟಕವಿದ್ದು, ಅದರ ಯಂತ್ರದ ಒಂದು ಬಿಡಿಭಾಗ ಐದು ವರ್ಷ ಕಪಾಟಿನಲ್ಲಿದ್ದರೂ, ಆ ಯಂತ್ರ ಓಡುತ್ತಿರುವವರೆಗೆ ಅದು ಆಪತ್ಕಾಲದ ಸರಕು. ಕೊಯ್ಲಿನ ನಡುವೆ ಯಂತ್ರ ನಿಂತರೆ ಆಗುವ ನಷ್ಟದ ಮುಂದೆ ಅದರ ಬಡ್ಡಿ ಅಲ್ಪ. ನಿಧಾನವಾಗಿ ಹೋಗುವುದಕ್ಕೂ ಸತ್ತದ್ದಕ್ಕೂ ಇರುವ ಈ ವ್ಯತ್ಯಾಸವನ್ನು ಕಾಗದದಿಂದ ತಿಳಿಯಲಾಗದು. ಯಂತ್ರ ನಡೆಸುವವನನ್ನೂ ತೋಟದವರನ್ನೂ ಕೇಳಿಯೇ ತಿಳಿಯಬೇಕು.

ವಿಷದ ಡಬ್ಬಿಗಳ ಬಗ್ಗೆ ಎಚ್ಚರ

ಕೀಟನಾಶಕಗಳಿಗೆ ಮಾತ್ರ ಈ ಬೆಲೆ ಇಳಿಕೆಯ ಉಪಾಯ ಕೂಡದು. ಅವಧಿ ಮೀರಿದ ಔಷಧಿಯನ್ನು ಅರ್ಧ ಬೆಲೆಗೂ ಮಾರುವಂತಿಲ್ಲ. 1971ರ ಕೀಟನಾಶಕ ನಿಯಮಗಳ ಪ್ರಕಾರ ಅಂಥ ಡಬ್ಬಿಗಳನ್ನು ಕೂಡಲೇ ಬೇರ್ಪಡಿಸಿ, ‘ಮಾರಾಟಕ್ಕಿಲ್ಲ’ ಎಂಬ ಮುದ್ರೆಯೊತ್ತಿ, ಫಲಕ ಹಾಕಿದ ಪ್ರತ್ಯೇಕ ಜಾಗದಲ್ಲಿ ಇಡಬೇಕು. ಹಳ್ಳಕ್ಕೆ ಸುರಿಯುವುದಾಗಲಿ, ತೋಟದ ಮೂಲೆಯಲ್ಲಿ ಹೂಳುವುದಾಗಲಿ, ‘ಕೆಲಸಕ್ಕೆ ಬಂದೀತು’ ಎಂದು ಯಾರಿಗಾದರೂ ಕೊಟ್ಟು ಕಳಿಸುವುದಾಗಲಿ ಆಗಬಾರದು. ನಾವು ಕುಡಿಯುವುದು ಅದೇ ಹಳ್ಳ ಬಾವಿಗಳ ನೀರನ್ನು. ಇಂಥ ಸರಕಿನ ಬೆಲೆ ಸೊನ್ನೆಗಿಂತಲೂ ಕೆಳಗೆ. ವಿಲೇವಾರಿಗೆ ನಾವೇ ಖರ್ಚು ಮಾಡಬೇಕು. ತರಿಸುವ ಮುನ್ನವೇ ಈ ಖರ್ಚನ್ನು ನೆನೆದರೆ ಖರೀದಿ ತಾನಾಗಿಯೇ ಹಿಡಿತಕ್ಕೆ ಬರುತ್ತದೆ.

ಮಹಾಸಭೆಗೆ ಬರುವ ಸದಸ್ಯರು ಡಿವಿಡೆಂಡ್ ಎಷ್ಟೆಂದು ಕೇಳುವುದು ಸಹಜ. ಅದರ ಜೊತೆಗೆ, ದಾಸ್ತಾನಿನ ಮೊತ್ತದಲ್ಲಿ ಎರಡು ಹಂಗಾಮಿನಿಂದ ಅಲುಗದ ಸರಕು ಎಷ್ಟು ರೂಪಾಯಿಯದು ಎಂದೂ ಕೇಳಬೇಕು. ಉತ್ತರ ಕೊಡುವ ಆಡಳಿತ ಮಂಡಲಿಯನ್ನು, ನಷ್ಟ ತೋರಿಸಿತೆಂಬ ಕಾರಣಕ್ಕೆ ದೂಷಿಸದಿರುವುದೂ ಅಷ್ಟೇ ಅಗತ್ಯ. ವರ್ಷ ವರ್ಷವೂ ಸ್ವಲ್ಪ ಸ್ವಲ್ಪವಾಗಿ ಒಪ್ಪಿಕೊಂಡ ನಷ್ಟವನ್ನು ಸಂಘ ತಡೆದುಕೊಳ್ಳಬಲ್ಲದು. ಮುಚ್ಚಿಟ್ಟು ಬೆಳೆಸಿದ ನಷ್ಟವನ್ನು ತಡೆದುಕೊಳ್ಳುವುದು ಕಷ್ಟ.