ಪಟ್ಟಿಯಲ್ಲಿ ಬರೀ ‘ಹೊಲಿಗೆಯಾಕೆ’: ರಾಂಗಲ್ ದ್ವೀಪದಲ್ಲಿ ಏಡಾ ಬ್ಲ್ಯಾಕ್‌ಜಾಕ್

ಕಾಸರಗೋಡು, ಸೊಲ್ಲಾಪುರ, ಆದೋನಿ, ಹೊಸೂರು ಕಡೆಯಿಂದ ಸೇರಿಕೊಂಡಿದ್ದೀರಿ. ನಾನಿವತ್ತು ಮಾತಾಡ್ತಿರೋದು ನಮ್ಮ ಗಡಿಯ ವಿಷಯ ಅಲ್ಲ. ಬಹಳ ದೂರದ, ಉತ್ತರ ಧ್ರುವದ ಕಡೆಯ ಒಂದು ದ್ವೀಪದ ವಿಷಯ. ಆದರೆ ದಾಖಲೆಯಲ್ಲಿ ಯಾರ ಹೆಸರು ಉಳಿಯುತ್ತೆ, ಯಾರದ್ದು ಉಳಿಯಲ್ಲ ಅನ್ನೋ ಪ್ರಶ್ನೆ ನಮಗೆ ಹೊಸದೇನಲ್ಲ. ಆ ಪ್ರಶ್ನೆಯನ್ನು ಇಟ್ಟುಕೊಂಡೇ ಈ ಕಥೆ ನೋಡೋಣ.

ಧ್ರುವ ಯಾತ್ರೆ ಅಂದ ಕೂಡಲೇ ಸ್ಕಾಟ್, ಅಮುಂಡ್ಸನ್, ಶಾಕಲ್‌ಟನ್ ಅಂತ ನಾಯಕರ ಹೆಸರು ಬರುತ್ತೆ. ಆ ಯಾತ್ರೆಗಳಲ್ಲಿ ಅಡುಗೆಯವರು, ನಾಯಿ ನೋಡಿಕೊಳ್ಳುವವರು, ಬೇಟೆಗಾರರು, ಬಟ್ಟೆ ಹೊಲಿಯುವವರು ಇದ್ದೇ ಇರುತ್ತಿದ್ದರು. ಉತ್ತರದ ಯಾತ್ರೆಗಳಲ್ಲಿ ಇವರಲ್ಲಿ ಅನೇಕರು ಅಲ್ಲಿನ ಮೂಲನಿವಾಸಿಗಳು. ಅವರಲ್ಲೊಬ್ಬರು ಏಡಾ ಬ್ಲ್ಯಾಕ್‌ಜಾಕ್.

ಏಡಾ ಹುಟ್ಟಿದ್ದು 1898ರಲ್ಲಿ, ಅಲಾಸ್ಕಾದ ಇನ್ಯೂಪಿಯಾಟ್ ಸಮುದಾಯದಲ್ಲಿ. ಬೆಳೆದದ್ದು ನೋಮ್ ಪಟ್ಟಣದ ಮಿಷನರಿಗಳ ಆಶ್ರಯದಲ್ಲಿ. ಅಲ್ಲಿ ಇಂಗ್ಲಿಷ್ ಓದು ಬರಹ, ಅಡುಗೆ, ಹೊಲಿಗೆ ಕಲಿತರು. ಬೇಟೆ ಕಲಿಯಲಿಲ್ಲ, ಬಂದೂಕು ಹಿಡಿಯಲಿಲ್ಲ, ಹಿಮಕರಡಿ ಅಂದರೆ ವಿಪರೀತ ಭಯ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಮೂರು ಮಕ್ಕಳಲ್ಲಿ ಇಬ್ಬರು ತೀರಿಕೊಂಡಿದ್ದರು. ಉಳಿದವನು ಬೆನೆಟ್, ಅವನಿಗೂ ಕ್ಷಯ. ಗಂಡ ಬಿಟ್ಟುಹೋದ ಮೇಲೆ ಸುಮಾರು 40 ಮೈಲಿ ನಡೆದು ಮಗನನ್ನು ನೋಮ್‌ಗೆ ಕರೆತಂದರು. ಚಿಕಿತ್ಸೆಗೆ ದುಡ್ಡಿಲ್ಲದೆ ಅವನನ್ನು ಅನಾಥಾಲಯದಲ್ಲಿ ಬಿಡಬೇಕಾಯಿತು.

1921ರಲ್ಲಿ ಒಂದು ಕೆಲಸ ಬಂತು. ವಿಲ್ಹಾಲ್ಮರ್ ಸ್ಟೆಫಾನ್ಸನ್ ಅನ್ನೋ ಪ್ರಸಿದ್ಧ ಅನ್ವೇಷಕರು ಸೈಬೀರಿಯಾದ ಉತ್ತರಕ್ಕಿರುವ ರಾಂಗಲ್ ದ್ವೀಪಕ್ಕೆ ತಂಡ ಕಳಿಸುತ್ತಿದ್ದರು, ತಾವು ಮಾತ್ರ ಹೋಗಲಿಲ್ಲ. ಅಲ್ಲಿ ಬಾವುಟ ನೆಟ್ಟು ದ್ವೀಪವನ್ನು ಬ್ರಿಟನ್ನಿನದು ಅಂತ ಸಾರಬೇಕು ಅನ್ನೋದು ಉದ್ದೇಶ. ಹೋದವರು ಅಲನ್ ಕ್ರಾಫರ್ಡ್, ಲಾರ್ನ್ ನೈಟ್, ಫ್ರೆಡ್ ಮಾರರ್, ಮಿಲ್ಟನ್ ಗ್ಯಾಲ್, ಮತ್ತು ತಿಂಗಳಿಗೆ 50 ಡಾಲರ್ ಸಂಬಳಕ್ಕೆ ಏಡಾ. ಮಗನ ಚಿಕಿತ್ಸೆಗೆ ಆ ಹಣ ಬೇಕಿತ್ತು. ಬೇರೆ ಇನ್ಯೂಪಿಯಾಟ್ ಕುಟುಂಬಗಳೂ ಬರುತ್ತವೆ ಅಂತ ಹೇಳಿದ್ದರು. ಹಡಗು ಹೊರಡುವ ಹೊತ್ತಿಗೆ ಬಂದವರು ಏಡಾ ಒಬ್ಬರೇ.

ಹೊಲಿಗೆ ಯಾಕೆ ಅಷ್ಟು ಮುಖ್ಯ?

ಧ್ರುವದ ಚಳಿಯಲ್ಲಿ ಕೊಲ್ಲೋದು ಬರೀ ಚಳಿಯಲ್ಲ, ತೇವ. ಬೆವರು ಬಟ್ಟೆಯಲ್ಲಿ ಹೆಪ್ಪುಗಟ್ಟಿದರೆ, ಬೂಟಿನೊಳಗೆ ನೀರು ಹೊಕ್ಕರೆ ಕಾಲ್ಬೆರಳು ಹೋದವು ಅಂತಲೇ ಅರ್ಥ. ಆ ಕಡೆಯ ಹೆಂಗಸರು ಚರ್ಮದ ಬೂಟು ಹೊಲಿಯುವಾಗ ಸೂಜಿಯನ್ನು ಚರ್ಮದ ಅರ್ಧ ದಪ್ಪಕ್ಕೆ ಮಾತ್ರ ಇಳಿಸುತ್ತಾರೆ, ಆಚೆ ಬದಿಗೆ ತೂತು ಬೀಳುವುದೇ ಇಲ್ಲ. ದಾರದ ಬದಲು ಪ್ರಾಣಿಯ ನರದ ಎಳೆ ಬಳಸುತ್ತಾರೆ. ಅದು ನೀರು ತಾಗಿದಾಗ ಉಬ್ಬಿ ಹೊಲಿಗೆಯನ್ನು ಮುಚ್ಚಿಬಿಡುತ್ತೆ. ಇದು ಸಣ್ಣ ವಿದ್ಯೆಯಲ್ಲ. ಇದೇ ದ್ವೀಪದಲ್ಲಿ 1914ರಲ್ಲಿ ಕಾರ್ಲಕ್ ಹಡಗಿನ ಸಂತ್ರಸ್ತರು ಸಿಕ್ಕಿಬಿದ್ದಿದ್ದಾಗ ಅವರ ಬಟ್ಟೆ, ಬೂಟು ಹೊಲಿದವರು ಕಿರುಕ್ ಅನ್ನೋ ಇನ್ಯೂಪಿಯಾಟ್ ತಾಯಿ. ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನೂ ಕಟ್ಟಿಕೊಂಡು ಬದುಕಿ ಬಂದರು. ಕಾರ್ಲಕ್ ಕಥೆಯಲ್ಲಿ ಕ್ಯಾಪ್ಟನ್ ಹೆಸರು ಗೊತ್ತು, ಕಿರುಕ್ ಹೆಸರು ಎಷ್ಟು ಜನಕ್ಕೆ ಗೊತ್ತು ಹೇಳಿ?

ತಂಡ 1921ರ ಸೆಪ್ಟೆಂಬರ್‌ನಲ್ಲಿ ಇಳಿಯಿತು. ತಂದಿದ್ದ ಆಹಾರ ಸುಮಾರು ಆರು ತಿಂಗಳಿಗೆ, ಉಳಿದದ್ದನ್ನು ಬೇಟೆಯಾಡಿಕೊಳ್ಳಬಹುದು ಅನ್ನೋ ಲೆಕ್ಕ. ಮೊದಲ ತಿಂಗಳುಗಳಲ್ಲಿ ಏಡಾ ಮನಸ್ಸು ಕುಸಿದು ಕೆಲಸ ನಿಲ್ಲಿಸಿದರು. ಗಂಡಸರು ದಾರಿಗೆ ತರ್ತೀವಿ ಅಂತ ಊಟ ಕೊಡದೆ ಹೊರಗೆ ಹಾಕಿದರು, ಬಾವುಟದ ಕಂಬಕ್ಕೂ ಕಟ್ಟಿದರು. ಇದು ನಮಗೆ ಗೊತ್ತಾಗಿರೋದು ಅವರದೇ ದಿನಚರಿಗಳಿಂದ.

1922ರ ಬೇಸಿಗೆಯಲ್ಲಿ ಬರಬೇಕಿದ್ದ ಹಡಗು ಮಂಜುಗಡ್ಡೆ ದಾಟಲಾಗದೆ ಹಿಂದಿರುಗಿತು. ಬೇಟೆಯೂ ಕಡಿಮೆಯಾಯಿತು. 1923ರ ಜನವರಿ ಕೊನೆಗೆ ಕ್ರಾಫರ್ಡ್, ಮಾರರ್, ಗ್ಯಾಲ್ ಮೂವರೂ ಸಹಾಯ ತರ್ತೀವಿ ಅಂತ ಹೆಪ್ಪುಗಟ್ಟಿದ ಸಮುದ್ರದ ಮೇಲೆ ಸೈಬೀರಿಯಾ ಕಡೆ ಹೊರಟರು. ಮತ್ತೆ ಯಾರೂ ಅವರನ್ನು ನೋಡಲಿಲ್ಲ.

ಉಳಿದವರು ಏಡಾ, ಸ್ಕರ್ವಿಯಿಂದ ಹಾಸಿಗೆ ಹಿಡಿದಿದ್ದ ನೈಟ್, ಮತ್ತು ವಿಕ್ ಅನ್ನೋ ಬೆಕ್ಕು.

ಸ್ಕರ್ವಿ ಅಂದರೆ ಸಿ ಜೀವಸತ್ವದ ಕೊರತೆ. ಅದಿಲ್ಲದೆ ದೇಹ ತನ್ನ ಅಂಗಾಂಶಗಳನ್ನು ಹಿಡಿದಿಡುವ ಕೊಲಾಜನ್ ಅನ್ನು ಸರಿಯಾಗಿ ಕಟ್ಟಲಾರದು. ಒಸಡಲ್ಲಿ ರಕ್ತ, ಹಲ್ಲು ಸಡಿಲ, ಮೈಯಲ್ಲೆಲ್ಲ ಕಪ್ಪು ಕಲೆ, ಎದ್ದು ನಿಲ್ಲಲಾಗದ ನಿಶ್ಶಕ್ತಿ. ತಾಜಾ ಮಾಂಸವನ್ನು ಹಸಿಯಾಗಿ ಅಥವಾ ಅರೆಬೇಯಿಸಿ ತಿಂದರೆ ತಪ್ಪಿಸಬಹುದು. ಆದರೆ ತಾಜಾ ಮಾಂಸ ಬೇಕಾದರೆ ಯಾರಾದರೂ ಬೇಟೆಯಾಡಬೇಕಲ್ಲ?

ಏಡಾ ಕಲಿತರು. ಬೋನು ಹಾಕಿ ನರಿ ಹಿಡಿಯೋದನ್ನು ಕಲಿತರು, ಗುರಿಯಿಟ್ಟು ಬಂದೂಕು ಹೊಡೆಯೋದನ್ನು ಕಲಿತರು. ಸೌದೆ ಕಡಿದರು, ರೋಗಿಯ ಮಲಮೂತ್ರ ತೆಗೆದರು, ಅವರ ಕಾಲಿಗೆ ಬಿಸಿ ಮರಳಿನ ಚೀಲ ಇಟ್ಟರು. ನೈಟ್ ಸಂಕಟದಲ್ಲಿ ಬೈದರು, ಪುಸ್ತಕ ಎಸೆದರು. ಮಾರ್ಚ್‌ನಿಂದ ಏಡಾ ದಿನಚರಿ ಬರೆಯತೊಡಗಿದರು. ನಾಲ್ಕು ಗಂಡಸರ ಕೆಲಸ ಒಬ್ಬ ಹೆಂಗಸು ಮಾಡೋದು ಎಷ್ಟು ಕಷ್ಟ ಅಂತ ಈತ ಯೋಚಿಸೋದೇ ಇಲ್ಲ ಅನ್ನೋ ಅರ್ಥದ ಮಾತು ಅದರಲ್ಲಿದೆ. ನಾನು ಸತ್ತರೆ ಯಾವ ವಸ್ತು ಬೆನೆಟ್‌ಗೆ ಸೇರಬೇಕು ಅಂತಲೂ ಬರೆದಿಟ್ಟರು.

ಜೂನ್ ಕೊನೆಯ ಭಾಗದಲ್ಲಿ ನೈಟ್ ತೀರಿಕೊಂಡರು. ಹೂಳುವಷ್ಟು ಶಕ್ತಿ ಏಡಾಗೆ ಇರಲಿಲ್ಲ. ಪ್ರಾಣಿಗಳು ಮುಟ್ಟದಂತೆ ಪೆಟ್ಟಿಗೆಗಳನ್ನು ಅಡ್ಡ ಜೋಡಿಸಿ, ತಾವು ಸಾಮಾನಿನ ಡೇರೆಗೆ ಹೋದರು. ಕರಡಿ ಬರೋದು ದೂರದಿಂದಲೇ ಕಾಣಲಿ ಅಂತ ಅಟ್ಟಣೆ ಕಟ್ಟಿದರು. ಬಂದೂಕು ಕೈಗೆಟಕುವಂತೆ ಹಾಸಿಗೆಯ ಮೇಲ್ಗಡೆ ಇಟ್ಟರು. ಸೀಲ್ ಹೊಡೆದರು, ಹಕ್ಕಿ ಮೊಟ್ಟೆ ಹುಡುಕಿದರು, ಒಂದು ದೋಣಿಯನ್ನೂ ಕಟ್ಟಿಕೊಂಡರು. ಆಗಸ್ಟ್ ಮೂರನೆಯ ವಾರ ಹೆರಾಲ್ಡ್ ನಾಯ್ಸ್ ನೇತೃತ್ವದ ಡೊನಾಲ್ಡ್‌ಸನ್ ಹಡಗು ಬಂದಾಗ ದ್ವೀಪದಲ್ಲಿ ಜೀವಂತ ಇದ್ದದ್ದು ಏಡಾ ಮತ್ತು ಬೆಕ್ಕು.

ಮುಂದೇನಾಯಿತು?

ಪತ್ರಿಕೆಗಳು ಮೊದಲು ಹೆಣ್ಣು ರಾಬಿನ್ಸನ್ ಕ್ರೂಸೋ ಅಂತ ಹೊಗಳಿದವು. ಆಮೇಲೆ ನಾಯ್ಸ್, ಈಕೆ ನೈಟ್‌ರನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ ಬರೆದರು. ನೈಟ್ ಅವರ ತಂದೆತಾಯಿ ಏಡಾರನ್ನು ಭೇಟಿಯಾಗಿ ಅವರ ಪರ ನಿಂತರು. ನಾಯ್ಸ್ ಕೊನೆಗೆ ಮಾತು ಹಿಂತೆಗೆದುಕೊಂಡರು. ಸ್ಟೆಫಾನ್ಸನ್ 1925ರಲ್ಲಿ ಈ ಯಾತ್ರೆ ಬಗ್ಗೆ ಪುಸ್ತಕವನ್ನೇ ತಂದರು. ಏಡಾ ಬಡತನದಲ್ಲೇ ಉಳಿದರು. ಆದರೆ ಸಿಕ್ಕ ಸಂಬಳದಲ್ಲಿ ಮಗನನ್ನು ಸಿಯಾಟಲ್‌ಗೆ ಚಿಕಿತ್ಸೆಗೆ ಕರೆದೊಯ್ದರು, ಬೆನೆಟ್ 1972ರವರೆಗೂ ಬದುಕಿದರು. ಏಡಾ ತೀರಿಕೊಂಡದ್ದು 1983ರಲ್ಲಿ, 85ನೇ ವಯಸ್ಸಿಗೆ.

ಇನ್ನೊಂದು ಮಾತು. ನಾಯ್ಸ್ 1923ರಲ್ಲಿ ವಾಪಸಾಗುವಾಗ ಅದೇ ದ್ವೀಪದಲ್ಲಿ ಚಾರ್ಲ್ಸ್ ವೆಲ್ಸ್ ಎಂಬುವರ ಜೊತೆ 12 ಮಂದಿ ಮೂಲನಿವಾಸಿಗಳನ್ನು ಬಿಟ್ಟುಬಂದರು. ಮರುವರ್ಷ ಸೋವಿಯತ್ ಹಡಗು ಬಂದು ಅವರನ್ನೆಲ್ಲ ಕರೆದೊಯ್ಯಿತು. ಏಡಾ ಹೆಸರಾದರೂ ಇವತ್ತು ಕೇಳಿಬರುತ್ತೆ. ಆ 12 ಜನರ ಕಥೆ ಹೇಳುವವರು ಇನ್ನೂ ಕಡಿಮೆ.

ನಾನು ಹೇಳಬೇಕಾದದ್ದು ಇಷ್ಟೇ. ‘ಅವರು ಆ ನೆಲದವರು, ಹಾಗಾಗಿ ಬದುಕಿದರು’ ಅಂತ ಕೆಲವರು ಹೇಳ್ತಾರೆ. ಹೊಗಳಿಕೆ ಥರ ಕೇಳಿಸುತ್ತೆ, ಆದರೆ ಅದು ಆಕೆಯ ಶ್ರಮವನ್ನು ಅಳಿಸಿಬಿಡುತ್ತೆ. ಬೇಟೆ ಆಕೆಗೆ ರಕ್ತದಲ್ಲಿ ಬಂದಿರಲಿಲ್ಲ. ಇಪ್ಪತ್ತೈದರ ಆಸುಪಾಸಿನಲ್ಲಿ, ಹಸಿವು ಮತ್ತು ಭಯದ ನಡುವೆ, ಮಗನಿಗಾಗಿ ಕಲಿತದ್ದು ಅದು. ಎರಡನೆಯದು, ಆ ದಿನಚರಿ ಆಕೆಯ ಮನೆಭಾಷೆಯಲ್ಲಿಲ್ಲ, ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿದೆ. ಕಾಗುಣಿತ ತಪ್ಪಿದೆ, ವಾಕ್ಯ ತೊಡರಿದೆ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಇಟ್ಟುಕೊಂಡು ಬೆಳೆದ ನಮ್ಮಂಥವರಿಗೆ ಆ ತೊಡರು ಗೊತ್ತು. ತಪ್ಪು ಕಾಗುಣಿತ ನೋಡಿ ಸಾಕ್ಷಿಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆ ದ್ವೀಪದ ಕೊನೆಯ ಎಂಟು ವಾರಗಳಿಗೆ ಬೇರೆ ಸಾಕ್ಷಿಯೇ ಇಲ್ಲ.

ಪ್ರಶ್ನೆಗಳಿದ್ದರೆ ಕೇಳಿ.