ಶರತ್ಕಾಲದಲ್ಲಿ ಕೆರೆಯ ನೀರು ಕದಡುವುದೇಕೆ?

ಶರದೃತುವು ಬಂದಿತೆಂದರೆ ನೀರು ತಿಳಿಯಾಗುವುದೆಂದು ನಮ್ಮ ಕವಿಗಳು ಹಾಡುತ್ತ ಬಂದಿದ್ದಾರೆ. ಅಗಸ್ತ್ಯ ನಕ್ಷತ್ರವು ಮೂಡಿದ ಮೇಲೆ ಜಲದ ಕಲ್ಮಷವು ಅಡಗುವುದೆಂಬುದು ಹಿರಿಯರ ನಂಬಿಕೆ. ಆದರೆ ಆಶ್ವಯುಜ ಮಾಸದಲ್ಲಿ ಊರ ಕೆರೆಯ ದಡದಲ್ಲಿ ನಿಂತವರಿಗೆ ಅನೇಕ ವೇಳೆ ಕಾಣುವುದು ಬಗ್ಗಡವೇ. ಹಾಗಾದರೆ ಕವಿಗಳ ಮಾತು ಸುಳ್ಳೇ? ಸುಳ್ಳಲ್ಲ, ಅದು ಮಳೆ ನಿಂತ ನಾಡಿನ ಮಾತು. ಹಳೆಯ ಮೈಸೂರು ಸೀಮೆಯ ಬಯಲು ನಾಡಿನಲ್ಲಾದರೋ ಹಸ್ತ, ಚಿತ್ತೆ, ಸ್ವಾತಿ ಮಳೆಗಳು ಆ ಕಾಲಕ್ಕೇ ಸುರಿಯುತ್ತವೆ.

ಮಳೆಯ ನೀರು ಹೊಲಗಳ ಮೇಲೆ ಹರಿದು ಬರುವಾಗ ಮರಳನ್ನೂ ಜೇಡಿಯನ್ನೂ ಹೊತ್ತು ತರುತ್ತದೆ. ಮಿಲಿಮೀಟರಿನ 10ನೆಯ ಒಂದು ಪಾಲಿನಷ್ಟಿರುವ ಮರಳ ಕಣವು ನಿಂತ ನೀರಿನಲ್ಲಿ ಒಂದು ಮೀಟರು ಇಳಿಯಲು ಸುಮಾರು 2 ನಿಮಿಷ ಸಾಕು. 500ನೆಯ ಒಂದು ಪಾಲಿನಷ್ಟಿರುವ ಜೇಡಿಯ ಕಣಕ್ಕೆ 3 ದಿನಗಳಿಗೂ ಹೆಚ್ಚು ಬೇಕು. ಅದಕ್ಕಿಂತ ಸೂಕ್ಷ್ಮವಾದುವು ವಾರಗಟ್ಟಲೆ ತೇಲುತ್ತಿರುವುವು. ಈ ಕಣಗಳ ಮೇಲೆಲ್ಲ ಋಣ ವಿದ್ಯುತ್ತಿರುವುದರಿಂದ ಅವು ಒಂದನ್ನೊಂದು ದೂಡುತ್ತವೆಯೇ ಹೊರತು ಕೂಡಿ ಗರಣೆಗಟ್ಟುವುದಿಲ್ಲ.

ಎರಡನೆಯ ಕಾರಣ ಪಾಚಿ. ಹೊಲದ ಗೊಬ್ಬರದ ಸಾರವೂ ಮಳೆಯೊಡನೆ ಕೆರೆಗೆ ಇಳಿಯುತ್ತದೆ. ನಡುನಡುವೆ ಬಿಸಿಲು ಕಾಯ್ದರೆ ಕಣ್ಣಿಗೆ ಕಾಣದ ಹಸುರು ಜೀವಿಗಳು ಲಕ್ಷೋಪಲಕ್ಷವಾಗಿ ಬೆಳೆದು ನೀರನ್ನು ಮಂದಗೊಳಿಸುತ್ತವೆ.

ಮೂರನೆಯದು ರಾತ್ರಿಯ ತಂಪು. ಮೇಲಣ ನೀರು ತಣಿದಾಗ ಭಾರವಾಗಿ ಕೆಳಗಿಳಿಯುತ್ತದೆ; ತಳದ ನೀರು ಮೇಲೇರುತ್ತದೆ. ಅದರೊಡನೆ ಕೊಳೆತ ಎಲೆ, ಕೆಸರುಗಳ ಅಂಶವೂ ಏಳುತ್ತದೆ. ಶೀತದೇಶಗಳ ಆಳವಾದ ಸರೋವರಗಳು ಶರತ್ಕಾಲದಲ್ಲಿ ಹೀಗೆಯೇ ಬುಡಮೇಲಾಗಿ ಬೆರೆಯುತ್ತವೆ.

ಯಾವ ಕಾರಣವೆಂಬುದನ್ನು ಮನೆಯಲ್ಲಿಯೇ ಅರಿಯಬಹುದು. ಗಾಜಿನ ಲೋಟದಲ್ಲಿ ನೀರನ್ನು ತುಂಬಿ ಒಂದೆರಡು ದಿನ ಅಲುಗಿಸದೆ ಇಡಿರಿ. ಕೆಂಪು ಮಡ್ಡಿ ತಳಕ್ಕಿಳಿಯುತ್ತ ಬಂದರೆ ಜೇಡಿ. ಹಸುರು ಬಣ್ಣ ಹಾಗೆಯೇ ನಿಂತರೆ ಅಥವಾ ಮೇಲೆ ಕೆನೆಗಟ್ಟಿದರೆ ಪಾಚಿ. ಕೊಳೆತ ವಾಸನೆ ಬಂದರೆ ತಳದ ಕೆಸರು.

ಜೇಡಿಗೆ ನಮ್ಮ ಹಿರಿಯರು ಕಂಡ ಉಪಾಯವುಂಟು. ಚಿಲ್ಲದ ಬೀಜವನ್ನು ಗಡಿಗೆಯ ಒಳಮೈಗೆ ತೇಯುತ್ತಿದ್ದರು. ಸಂಸ್ಕೃತದಲ್ಲಿ ಇದೇ ಕತಕ. ನುಗ್ಗೆಯ ಬೀಜದ ಪುಡಿಗೂ, ಪಟಿಕಕ್ಕೂ ಇದೇ ಗುಣ. ನುಗ್ಗೆಯ ಬೀಜದಲ್ಲಿರುವ ಧನ ವಿದ್ಯುತ್ತಿನ ಸಾರವು ಜೇಡಿಯ ಋಣವನ್ನು ಕಳೆಯುವುದರಿಂದ ಕಣಗಳು ಕೂಡಿ ಭಾರವಾಗಿ ತಳ ಸೇರುತ್ತವೆ.

ಆದರೆ ತಿಳಿಯಾದುದೆಲ್ಲವೂ ಶುದ್ಧವೆಂದು ಭ್ರಮಿಸಬಾರದು. ನಾರುಹುಣ್ಣಿನ ಹುಳುವು ಸ್ಫಟಿಕದಂತೆ ತೋರುವ ಮೆಟ್ಟಿಲುಬಾವಿಯ ನೀರಿನಲ್ಲಿಯೂ ಇರುತ್ತಿತ್ತು. ಅದರ ಮರಿಯನ್ನು ಒಡಲಲ್ಲಿಟ್ಟುಕೊಂಡ ಸಣ್ಣ ನೀರುಕೀಟವನ್ನು ಜನರು ಅರಿಯದೆ ಕುಡಿಯುತ್ತಿದ್ದರು. ಬಾವಿಗಳನ್ನು ಸರಿಪಡಿಸಿ, ನೀರನ್ನು ಬಟ್ಟೆಯಲ್ಲಿ ಸೋಸುವುದನ್ನು ಮನೆಮನೆಗೂ ಕಲಿಸಿದುದರಿಂದ ಕರ್ಣಾಟಕವನ್ನೂ ಬಾಧಿಸಿದ್ದ ಆ ರೋಗವು ತೊಲಗಿತು. 2000ದಲ್ಲಿ ಭಾರತವು ಅದರಿಂದ ಮುಕ್ತವೆಂದು ಘೋಷಿತವಾಯಿತು.

ಆದುದರಿಂದ ಕೆರೆಯ ನೀರನ್ನು ಕುಡಿಯಲೇಬೇಕಾಗಿ ಬಂದಾಗ ಮೊದಲು ತಿಳಿಗೊಳಿಸಿ, ಬಳಿಕ ಸೋಸಿ, ಕೊನೆಗೆ ಕುದಿಸತಕ್ಕುದು. ನೀಲಿಹಸುರು ಕೆನೆಗಟ್ಟಿದ ನೀರನ್ನು ಮಾತ್ರ ಕುದಿಸಿಯೂ ಕುಡಿಯಬಾರದು, ದನಕರುಗಳಿಗೂ ಕುಡಿಸಬಾರದು. ಕೆಲವು ಪಾಚಿಗಳ ವಿಷವು ಕುದಿತಕ್ಕೆ ಅಳಿಯುವುದಿಲ್ಲ. ಬಗ್ಗಡದ ನೀರು ತಾನೇ ನಮ್ಮನ್ನು ಎಚ್ಚರಿಸುತ್ತದೆ. ತಿಳಿನೀರಿನ ವಿಷಯದಲ್ಲಿ ಎಚ್ಚರಿಕೆಯು ನಮ್ಮದೇ ಆಗಿರಬೇಕು.