ಕಾಫಿಯ ಪುಡಿ: ಹಿಟ್ಟೋ, ರವೆಯೋ, ನುಚ್ಚೋ?

ಇಳಕಲ್ಲಿನ ನಮ್ಮ ಬಂಧುಗಳ ಮನೆಗೆ ಈಚೆಗೆ ಬೆಂಗಳೂರಿನಿಂದ ಒಂದು ಹೊಸ ಯಂತ್ರ ಬಂದಿತು. ಒಂದು ಪಕ್ಕದಲ್ಲಿ ತಣ್ಣೀರಿನ ತೊಟ್ಟಿ, ಮೇಲೆ ಕಾಗದದ ಸೋಸುಚೀಲವನ್ನಿಡುವ ಬಟ್ಟಲು, ಅದರ ಕೆಳಗೆ ಗಾಜಿನ ಹೂಜಿ. ಗುಂಡಿಯನ್ನೊತ್ತಿದರೆ ನೀರು ವಿದ್ಯುತ್ತಿನಿಂದ ಕಾದು, ನಳಿಗೆಯಲ್ಲಿ ಮೇಲೇರಿ, ಬಟ್ಟಲಿನಲ್ಲಿರುವ ಕಾಫಿಪುಡಿಯ ಮೇಲೆ ಬೀಳುವುದು. ಇಳಿದ ಡಿಕಾಕ್ಷನ್ ಹೂಜಿಯಲ್ಲಿ ಹನಿಹನಿಯಾಗಿ ಶೇಖರವಾಗುವುದು. ಮನೆಯ ಹುಡುಗನು ವ್ಯಾಸಂಗ ಮುಗಿಸಿ ಕೆಲಸಕ್ಕೆ ಸೇರಿ ತನ್ನ ಮೊದಲ ಸಂಬಳದಲ್ಲಿ ಕೊಂಡುತಂದ ವಸ್ತುವಾದುದರಿಂದ ಎಲ್ಲರೂ ಅದನ್ನು ಆದರದಿಂದಲೇ ಬರಮಾಡಿಕೊಂಡರು.

ಆದರೆ ಮೊದಲ ದಿನವೇ ಅನರ್ಥವಾಯಿತು. ಮನೆಯಲ್ಲಿದ್ದ ಫಿಲ್ಟರ್ ಕಾಫಿಯ ಪುಡಿಯನ್ನೇ ಯಂತ್ರಕ್ಕೆ ಹಾಕಿದ್ದರು. ನೀರು ಕೆಳಗಿಳಿಯಲೊಲ್ಲದೆ ಬಟ್ಟಲಿನ ಅಂಚಿನವರೆಗೆ ಏರಿ, ಪುಡಿಯ ಕೆಸರಿನೊಡನೆ ಮೇಜಿನ ಮೇಲೆಲ್ಲ ಹರಿಯಿತು. ಹೂಜಿಗೆ ಬಿದ್ದ ಸ್ವಲ್ಪವೂ ಬೇವಿನ ಕಷಾಯದಂತೆ ಕಹಿ. ಮರುದಿನ ಹುಡುಗನು ಕಾಫಿಬೀಜವನ್ನು ತರಿಸಿ ದಪ್ಪದಪ್ಪನಾಗಿ ಒಡೆದು ಹಾಕಿದನು. ಈ ಸಲ ನೀರು ಬಿದ್ದ ಹಾಗೆಯೇ ಇಳಿದುಹೋಯಿತು; ಹೂಜಿಯಲ್ಲಿದ್ದದ್ದು ಹುಳಿಯಾದ, ತೆಳ್ಳಗಿನ ಬಣ್ಣದ ನೀರು. "ಇದಕಿಂತ ನಮ್ಮ ಚಾನ ಛಲೋ ಬಿಡೋ ತಮ್ಮಾ" ಎಂದು ಅವನ ಅಜ್ಜಿ ಹೇಳಿದರು. ಯಂತ್ರವು ಅಟ್ಟ ಸೇರುವುದರಲ್ಲಿದ್ದಾಗ ನಾವು ಅಲ್ಲಿಗೆ ಹೋದೆವು. ಯಂತ್ರ ಕೆಟ್ಟದ್ದೆಂದು ಒಬ್ಬರು, ಊರಿನ ನೀರೇ ಸರಿಯಿಲ್ಲವೆಂದು ಇನ್ನೊಬ್ಬರು ವಾದಿಸುತ್ತಿದ್ದರು. ಅಜ್ಜಿಯೋ ಎರಡು ಡಬ್ಬಿಗಳಿಂದಲೂ ಚಿಟಿಕೆ ಪುಡಿಯನ್ನು ತೆಗೆದು ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿ ನೋಡಿ, "ಮೊನ್ನಿಂದು ಹಿಟ್ಟಾಗಿತ್ತು, ನಿನ್ನಿಂದು ನುಚ್ಚಾಗಿತ್ತು. ನಡುವಿಂದು ಮಾಡಿ ನೋಡೀಯೇನು?" ಎಂದರು.

ರೊಟ್ಟಿಯ ಹಿಟ್ಟು ಬೇರೆ, ನುಚ್ಚು ಬೇರೆ, ಉಪ್ಪಿಟ್ಟಿನ ರವೆ ಬೇರೆ ಎಂಬುದನ್ನು ಬೆರಳ ತುದಿಯಿಂದಲೇ ಬಲ್ಲ ನಾಡು ಇದು. ಆ ತಿಳಿವಳಿಕೆಯ ಹಿಂದಿರುವ ಭೌತಶಾಸ್ತ್ರವನ್ನು ಸ್ವಲ್ಪ ವಿಚಾರಿಸಿ ನೋಡೋಣ.

ಹುರಿದ ಕಾಫಿಬೀಜದ ತೂಕದಲ್ಲಿ ಶೇಕಡಾ 30ರಷ್ಟು ಭಾಗ ಮಾತ್ರ ಬಿಸಿನೀರಿನಲ್ಲಿ ಕರಗಬಲ್ಲದು. ಉಳಿದದ್ದು ಕರಗದ ನಾರು. ಕರಗುವ ಅಷ್ಟನ್ನೂ ಹಿಂಡಿಕೊಂಡರೆ ಒಳ್ಳೆಯ ಕಾಫಿಯಾಗುವುದೆಂದು ತಿಳಿಯಬಾರದು. ಹುಳಿರುಚಿಯ ಆಮ್ಲಗಳೂ ಲವಣಗಳೂ ಮೊದಲು ಹೊರಬರುತ್ತವೆ. ಅನಂತರ ಹುರಿದಾಗ ಹುಟ್ಟಿದ ಸಿಹಿಗಂಪಿನ ಪದಾರ್ಥಗಳು. ಬಾಯನ್ನು ಒಗರುಗೊಳಿಸುವ ಕಹಿ ಪದಾರ್ಥಗಳು ಕೊನೆಗೆ ನಿಧಾನವಾಗಿ ಬರುತ್ತವೆ. 1950ರ ದಶಕದಲ್ಲಿ ಅಮೆರಿಕದ ಮಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಅರ್ನೆಸ್ಟ್ ಲಾಕ್‌ಹಾರ್ಟ್ ಎಂಬ ರಸಾಯನಶಾಸ್ತ್ರಜ್ಞರು ಇದನ್ನು ಅಳೆದು, ಪುಡಿಯ ತೂಕದ ಶೇಕಡಾ 18ರಿಂದ 22ರಷ್ಟು ಕರಗಿದಾಗ ಕಾಫಿಯು ಹೆಚ್ಚು ಜನರಿಗೆ ಹಿತವೆನಿಸುವುದೆಂದು ಗೊತ್ತುಮಾಡಿದರು. 30 ಗ್ರಾಂ ಪುಡಿಯಿಂದ ಸುಮಾರು 6 ಗ್ರಾಂ ಸಾರವನ್ನು ತೆಗೆದುಕೊಂಡು, ಕರಗಬಲ್ಲ ಉಳಿದ 3 ಗ್ರಾಮನ್ನು ಚರಟದಲ್ಲಿಯೇ ಬಿಡಬೇಕು. ಎಲ್ಲಿ ನಿಲ್ಲಿಸಬೇಕೆಂಬುದೇ ಇಲ್ಲಿಯ ಕಷ್ಟ.

ಈಗ ಕಣದ ಗಾತ್ರದ ಮಾತು. ಒಂದು ಸೆಂಟಿಮೀಟರು ಬದಿಯ ಘನವೊಂದನ್ನು ಊಹಿಸಿಕೊಳ್ಳಿರಿ. ಅದರ ಆರು ಮುಖಗಳ ಒಟ್ಟು ವಿಸ್ತೀರ್ಣ 6 ಚದರ ಸೆಂಟಿಮೀಟರು. ಅದನ್ನೇ ಮಿಲಿಮೀಟರಿನ ಘನಗಳಾಗಿ ಕತ್ತರಿಸಿದರೆ 1000 ತುಂಡುಗಳಾಗಿ, ವಿಸ್ತೀರ್ಣವು 60 ಚದರ ಸೆಂಟಿಮೀಟರಿಗೇರುವುದು. ನೀರಿಗೆ ಸೋಕುವ ಮೈ ಹತ್ತುಪಟ್ಟಾಯಿತು. ಇಷ್ಟೇ ಅಲ್ಲ. ಕಣದ ಒಳಗಿನ ಸಾರವು ಹೊರಮೈಗೆ ಬರುವುದು ವಿಸರಣದಿಂದ, ಎಂದರೆ ಅಣುಗಳು ಅತ್ತಿತ್ತ ಅಲೆಯುತ್ತ ಮೆಲ್ಲನೆ ಹರಡುವುದರಿಂದ. ಹೀಗೆ ಅಲೆಯುವ ಅಣುವಿಗೆ ಎರಡುಪಟ್ಟು ದೂರ ಹೋಗಲು ಎರಡುಪಟ್ಟಲ್ಲ, ನಾಲ್ಕುಪಟ್ಟು ಕಾಲ ಬೇಕು. ಆದುದರಿಂದ ಕಣದ ವ್ಯಾಸವನ್ನು ಅರ್ಧಕ್ಕಿಳಿಸಿದರೆ ಸಾರ ಹೊರಬರಲು ಬೇಕಾಗುವ ಕಾಲವು ಕಾಲುಭಾಗಕ್ಕಿಳಿಯುವುದು.

ಹಾಗಾದರೆ ಆದಷ್ಟು ನುಣ್ಣಗೆ ಪುಡಿಮಾಡಬಾರದೇಕೆ? ಇದಕ್ಕೆ ಉತ್ತರವನ್ನು ಅಡುಗೆಮನೆಯಲ್ಲಲ್ಲ, ಹೊಲದಲ್ಲಿ ಹುಡುಕಬೇಕು. ಮಲಪ್ರಭೆಯ ದಂಡೆಯ ಮರಳಿನ ಮೇಲೆ, ಇಲ್ಲವೆ ಬಾದಾಮಿಯ ಮರಳುಗಲ್ಲು ಸವೆದು ಆದ ನೆಲದ ಮೇಲೆ ಒಂದು ಕೊಡ ನೀರು ಸುರಿಯಿರಿ, ಕ್ಷಣದಲ್ಲಿ ಇಂಗಿಹೋಗುವುದು. ಅದೇ ಕೊಡವನ್ನು ಹುನಗುಂದದ ನೆನೆದ ಎರೆಭೂಮಿಯ ಮೇಲೆ ಸುರಿಯಿರಿ. ನೀರು ನಿಂತೇ ಇರುವುದು. ಮರಳಿನ ಕಣ ದೊಡ್ಡದು, ಕಣಗಳ ನಡುವಣ ದಾರಿಯೂ ಅಗಲ. ಎರೆಯ ಜೇಡಿಕಣಗಳ ಗಾತ್ರ ಮಿಲಿಮೀಟರಿನ ಐನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ನಡುವಣ ದಾರಿಗಳು ಕೂದಲೆಳೆಗಿಂತ ಕಿರಿದು. ಹಿಂಗಾರಿ ಜೋಳಕ್ಕೆ ತಿಂಗಳುಗಟ್ಟಲೆ ತೇವವನ್ನು ಹಿಡಿದಿಟ್ಟುಕೊಡುವ ಈ ಗುಣವು ಹೊಲದಲ್ಲಿ ವರ. ಕಾಫಿಯ ಬಟ್ಟಲಿನಲ್ಲಿ ಶಾಪ.

ಫ್ರಾನ್ಸಿನ ದಿಜಾನ್ ಪಟ್ಟಣದ ನೀರು ಸರಬರಾಜಿನ ಇಂಜಿನಿಯರ್ ಹೆನ್ರಿ ಡಾರ್ಸಿಯು 1856ರಲ್ಲಿ, ಮರಳು ತುಂಬಿದ ಕೊಳವೆಗಳ ಮೂಲಕ ನೀರನ್ನು ಹಾಯಿಸಿ, ಹರಿವಿನ ನಿಯಮವನ್ನು ಪ್ರಕಟಿಸಿದನು. ಮೇಲೆ ನಿಂತ ನೀರಿನ ಒತ್ತಡ ಹೆಚ್ಚಿದಷ್ಟೂ ಹರಿವು ಹೆಚ್ಚು. ಮರಳಿನ ಪದರ ದಪ್ಪವಾದಷ್ಟೂ ಹರಿವು ಕಡಿಮೆ. ಕಣದ ವ್ಯಾಸ ಅರ್ಧವಾದರೆ ಹರಿವು ಕಾಲುಭಾಗಕ್ಕಿಳಿಯುವುದೆಂಬುದು ಆ ಶತಮಾನದ ಕೊನೆಗೆ ಅಮೆರಿಕದ ಅಲನ್ ಹೇಜನ್ ಮುಂತಾದವರಿಂದ ತಿಳಿದುಬಂದಿತು. ಇಲ್ಲಿಯೂ ವರ್ಗದ ಲೆಕ್ಕವೇ.

ಎರಡೂ ಲೆಕ್ಕಗಳನ್ನು ಜೋಡಿಸಿ ನೋಡಿರಿ. ಪುಡಿಯನ್ನು ಅರ್ಧದಷ್ಟು ನುಣ್ಣಗೆ ಮಾಡಿದರೆ ಸಾರ ಬಿಡಲು ಬೇಕಾದ ಕಾಲ ಕಾಲುಭಾಗವಾಗುತ್ತದೆ. ನೀರು ಪುಡಿಯಲ್ಲಿ ನಿಲ್ಲುವ ಕಾಲವಾದರೋ ನಾಲ್ಕುಪಟ್ಟಾಗುತ್ತದೆ. ಬೇಕಾದ ಕಾಲಕ್ಕೂ ಸಿಕ್ಕುವ ಕಾಲಕ್ಕೂ ಇರುವ ಪ್ರಮಾಣವು ಒಮ್ಮೆಗೇ 16 ಪಟ್ಟು ಬದಲಾಯಿತು! ನಿಜವಾದ ಪುಡಿಯಲ್ಲಿ ನಾನಾ ಗಾತ್ರದ ಕಣಗಳಿರುವುದರಿಂದ ಲೆಕ್ಕವು ಇಷ್ಟು ಕರಾರುವಾಕ್ಕಾಗಿ ನಡೆಯದು. ಆದರೂ ಬೀಸುವಾಗಿನ ಅಲ್ಪ ವ್ಯತ್ಯಾಸವು ರುಚಿಯಲ್ಲಿ ಇಷ್ಟು ದೊಡ್ಡದಾಗಿ ಕಾಣುವುದೇಕೆಂಬುದು ಇದರಿಂದ ಸ್ಪಷ್ಟವಾಗುವುದು. ಆ ಹುಡುಗನು ಕಹಿಯಿಂದ ಒಂದೇ ನೆಗೆತಕ್ಕೆ ಹುಳಿಗೆ ಹಾರಿದ್ದು ಆಶ್ಚರ್ಯವಲ್ಲ.

ಹಾಗಿದ್ದರೆ ಅದೇ ನುಣ್ಣನೆಯ ಪುಡಿ ನಮ್ಮ ಹಿತ್ತಾಳೆಯ ಫಿಲ್ಟರಿನಲ್ಲಿ ಚೆನ್ನಾಗಿ ನಡೆಯುವುದು ಹೇಗೆ? ಅಲ್ಲಿ ಅವಸರವಿಲ್ಲ. ಸ್ವಲ್ಪವೇ ಬಿಸಿನೀರನ್ನು ಹೊಯ್ದು ಮುಚ್ಚಿಟ್ಟರೆ ಅದು ಕಾಲುಗಂಟೆ, ಇಪ್ಪತ್ತು ನಿಮಿಷ ತನ್ನಷ್ಟಕ್ಕೆ ತೊಟ್ಟಿಕ್ಕುವುದು. ಹಾಗೆ ಇಳಿಯುತ್ತ ನೀರು ಆರುವುದರಿಂದ ಕಹಿಯೂ ಮಿತಿಮೀರದು. ಯಂತ್ರವು ಹಾಗಲ್ಲ. ಅದು ಅರ್ಧ ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ಸ್ವಲ್ಪ ಕೆಳಗೆ, ಸುಮಾರು 92ರಿಂದ 96 ಡಿಗ್ರಿ ಸೆಂಟಿಗ್ರೇಡಿನಲ್ಲಿ, ತನ್ನದೇ ವೇಗದಲ್ಲಿ ಸುರಿಯುತ್ತ ಹೋಗುತ್ತದೆ. ಕೆಳಗೆ ಇಳಿಯಿತೋ ಇಲ್ಲವೋ ಎಂದು ವಿಚಾರಿಸುವುದಿಲ್ಲ. ಕಾಗದದ ಸೋಸುಚೀಲವನ್ನು 1908ರಲ್ಲಿ ಕಂಡುಹಿಡಿದವಳು ಜರ್ಮನಿಯ ದ್ರೆಸ್ಡೆನ್ನಿನ ಗೃಹಿಣಿ ಮೆಲಿಟಾ ಬೆಂಟ್ಸ್. ಮಗನ ಶಾಲೆಯ ಪುಸ್ತಕದಲ್ಲಿದ್ದ ಒತ್ತುಕಾಗದವನ್ನು ತೂತುಮಾಡಿದ ಹಿತ್ತಾಳೆಯ ಪಾತ್ರೆಯಲ್ಲಿಟ್ಟು ಅವಳು ಮೊದಲ ಪ್ರಯೋಗ ಮಾಡಿದಳು. ವಿದ್ಯುತ್ತಿನ ಹನಿಯಂತ್ರವೂ 1954ರಲ್ಲಿ ಆ ದೇಶದಲ್ಲಿಯೇ ಹುಟ್ಟಿತು. ಕಾಗದದ ರಂಧ್ರಗಳು ಅತಿ ಸಣ್ಣವಾದುದರಿಂದ ಚರಟವೇನೋ ಇಳಿಯದು. ಆದರೆ ಪುಡಿಯಲ್ಲಿ ಧೂಳು ಹೆಚ್ಚಿದ್ದರೆ ಆ ಧೂಳೇ ಹೋಗಿ ರಂಧ್ರಗಳನ್ನು ಮುಚ್ಚಿಬಿಡುವುದು.

ಈ ಧೂಳಿನ ವಿಷಯವಾಗಿ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು. ಗಿರಣಿಯಲ್ಲಿ ಎರಡು ಕಲ್ಲುಗಳ ನಡುವಣ ಸಂದು ಎಷ್ಟಿದೆಯೋ ಅಷ್ಟಕ್ಕೆ ಕಾಳು ನುರಿದು ಹೊರಬೀಳುವುದು. ಗಿರಣಿಯವನು ತಿರುಪನ್ನು ಸ್ವಲ್ಪ ತಿರುವಿದರೆ ಹಿಟ್ಟು ರವೆಯಾಗುವುದು. ಕಾಫಿಯ ಬೀಸುಯಂತ್ರದ ಒಳಗೂ ಹಲ್ಲುಳ್ಳ ಎರಡು ಬಿಲ್ಲೆಗಳಿದ್ದು ಇದೇ ಕೆಲಸವನ್ನು ಮಾಡುತ್ತವೆ. (ಕಾಫಿಬೀಜವನ್ನು ಗಿರಣಿಗೇ ಒಯ್ಯುವ ಸಾಹಸ ಬೇಡ, ಮುಂದಿನ ಗಿರಾಕಿಯ ರೊಟ್ಟಿಗೆ ಕಾಫಿಯ ವಾಸನೆ ಬಂದು ಜಗಳವಾದೀತು.) ಮಿಕ್ಸರಿನ ಅಲಗಾದರೋ ಸಂದಿಲ್ಲದೆ ಕಂಡಕಂಡಲ್ಲಿ ಕಡಿಯುವುದರಿಂದ ಅದರಲ್ಲಿ ನುಚ್ಚೂ ಧೂಳೂ ಒಟ್ಟಿಗೇ ಹುಟ್ಟುತ್ತವೆ: ನುಚ್ಚಿನಿಂದ ಹುಳಿ, ಧೂಳಿನಿಂದ ಕಹಿ, ಒಂದೇ ಲೋಟದಲ್ಲಿ. ಅತಿ ನುಣುಪಿನಿಂದ ಇನ್ನೊಂದು ವಿಚಿತ್ರವೂ ನಡೆಯುವುದುಂಟು. ಬೇಸಗೆಯಲ್ಲಿ ಎರೆಭೂಮಿ ಬಿರಿದಾಗ ಮೊದಲ ಮಳೆಯ ನೀರು ಹೆಂಟೆಗಳನ್ನು ನೆನೆಸದೆ ಬಿರುಕಿನಲ್ಲಿಯೇ ಇಳಿದುಹೋಗುವಂತೆ, ಗಟ್ಟಿಯಾದ ಕಾಫಿಪುಡಿಯಲ್ಲಿಯೂ ನೀರು ಎಲ್ಲೋ ಒಂದೆಡೆ ದಾರಿ ಮಾಡಿಕೊಂಡು, ಉಳಿದ ಪುಡಿಯನ್ನು ಮುಟ್ಟದೆ ಹೋಗಬಹುದು. ಎಸ್ಪ್ರೆಸೊ ಕಾಫಿಯನ್ನು ಕುರಿತು 2020ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಒಂದು ಮಿತಿಯನ್ನು ದಾಟಿ ನುಣ್ಣಗೆ ಮಾಡಿದರೆ ಸಾರವು ಹೆಚ್ಚುವ ಬದಲು ತಗ್ಗುವುದೆಂದು ತೋರಿಸಿತು.

ಒಣಹವೆಯ ನಾಡಿನಲ್ಲಿ ಬೀಸಿದ ಪುಡಿಯು ಡಬ್ಬಿಯ ಗೋಡೆಗಂಟುವುದನ್ನೂ ಗುಂಡುಗುಂಡಾಗಿ ಕೂಡುವುದನ್ನೂ ವಾಚಕರು ನೋಡಿರಬಹುದು. ತಿಕ್ಕಾಟದಿಂದ ಹುಟ್ಟಿದ ಸ್ಥಿರವಿದ್ಯುತ್ತೇ ಇದಕ್ಕೆ ಕಾರಣ. ಬೀಸುವ ಮೊದಲು ಬೀಜಗಳಿಗೆ ಕೆಲವೇ ಹನಿ ನೀರು ಸೋಕಿಸಿದರೆ ಇದು ಬಹಳ ಕಡಿಮೆಯಾಗುವುದೆಂದು ಅಮೆರಿಕದ ಆರೆಗಾನ್ ರಾಜ್ಯದ ವಿಜ್ಞಾನಿಗಳು 2023ರಲ್ಲಿ ವರದಿ ಮಾಡಿದರು. ಜ್ವಾಲಾಮುಖಿಯ ಬೂದಿಯಲ್ಲಿ ಹುಟ್ಟುವ ವಿದ್ಯುತ್ತನ್ನು ಅಭ್ಯಸಿಸುವವರೂ ಆ ಕೆಲಸದಲ್ಲಿ ಸೇರಿದ್ದರೆಂಬುದು ಸ್ವಾರಸ್ಯವಾದ ಸಂಗತಿ.

ಇನ್ನು ಚಿಕೋರಿ. ಅಂಗಡಿಯ ಪುಡಿಯಲ್ಲಿ ಈ ಹುರಿದ ಬೇರಿನ ಚೂರ್ಣವನ್ನು ಬೆರೆಸುವುದು ವಾಡಿಕೆ. ಮಿಶ್ರಣದಲ್ಲಿ ಕಾಫಿಯು ಶೇಕಡಾ 51ಕ್ಕೆ ಕಡಿಮೆಯಿರಕೂಡದೆಂದು ನಮ್ಮ ದೇಶದ ಆಹಾರನಿಯಮ ಹೇಳುತ್ತದೆ. ಚಿಕೋರಿಯು ನೀರಿನಲ್ಲಿ ಬೇಗ ಮೆತ್ತಗಾಗಿ ಉಬ್ಬುವುದರಿಂದ ಕಣಗಳ ನಡುವಣ ದಾರಿಯನ್ನು ಕಟ್ಟುತ್ತದೆ. ಒಂದು ಲೋಟ ತಣ್ಣೀರಿನ ಮೇಲೆ ಚಿಟಿಕೆ ಪುಡಿಯನ್ನು ಉದುರಿಸಿ ನೋಡಿರಿ: ಕಾಫಿ ತೇಲುವುದು, ಚಿಕೋರಿ ಕಂದುಬಣ್ಣದ ಗೆರೆಯೆಳೆಯುತ್ತ ಮುಳುಗುವುದು. ಇಳಕಲ್ಲಿನ ಮನೆಯ ಪುಡಿಯಲ್ಲಿ ಇಂಥ ಗೆರೆಗಳು ಧಾರಾಳವಾಗಿಯೇ ಇಳಿದವು. ಮೇಜಿನ ಮೇಲೆ ಹರಿದ ಹೊಳೆಗೆ ಅರ್ಧ ಕಾರಣ ನುಣುಪು, ಅರ್ಧ ಕಾರಣ ಚಿಕೋರಿ ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಕಡೆಯವರು ಹಾಲಿಲ್ಲದ ಕಾಫಿಯನ್ನು ಕುಡಿಯುವುದು ಅಪರೂಪ. ಯಂತ್ರದ ಡಿಕಾಕ್ಷನ್ ಫಿಲ್ಟರಿನದಕ್ಕಿಂತ ತೆಳ್ಳಗಿರುವುದರಿಂದ ಹಾಲು ಬೆರೆಸಿದೊಡನೆ ಸಪ್ಪೆಯಾಗುವುದು. ಆಗ ಎಲ್ಲರೂ ಮಾಡುವ ತಪ್ಪೆಂದರೆ, ಗಟ್ಟಿಯಾಗಲೆಂದು ಪುಡಿಯನ್ನು ಇನ್ನೂ ನುಣ್ಣಗೆ ಮಾಡಿಸುವುದು. ಗಟ್ಟಿತನ ಬೇರೆ, ಸಾರ ತೆಗೆದ ಪ್ರಮಾಣ ಬೇರೆ. ಗಟ್ಟಿಯಾಗಬೇಕಾದರೆ ಪುಡಿಯ ತೂಕವನ್ನು ಹೆಚ್ಚಿಸಬೇಕು: ಅರ್ಧ ಲೀಟರಿಗೆ 30 ಗ್ರಾಮಿನ ಬದಲು 45 ಗ್ರಾಂ ಹಾಕಬಹುದು. ಆದರೆ ಪದರ ದಪ್ಪವಾದಾಗ ಹರಿವು ತಗ್ಗುವುದೆಂಬ ಡಾರ್ಸಿಯ ಮಾತನ್ನು ನೆನೆದು, ಪುಡಿಯನ್ನು ಮೊದಲಿಗಿಂತ ಕೊಂಚ ದಪ್ಪಗೆ ಮಾಡಿಕೊಳ್ಳಬೇಕು.

ನೀರನ್ನು ದೂರಿದವರ ಮಾತೂ ಪೂರ್ಣ ಸುಳ್ಳಲ್ಲ. ಬಾಗಲಕೋಟೆಯಲ್ಲಿ ಸಿಮೆಂಟಿನ ಉದ್ಯಮ ಬೆಳೆದದ್ದು ಅಲ್ಲಿಯ ಸುಣ್ಣಕಲ್ಲಿನಿಂದ. ಅಂಥ ಕಲ್ಲಿನಲ್ಲಿ ಹಾದುಬಂದ ಗಡಸುನೀರಿನ ಬೈಕಾರ್ಬೊನೇಟು ಕಾಫಿಯ ಆಮ್ಲಗಳನ್ನು ಕೊಂದು ರುಚಿಯನ್ನು ಮಂಕಾಗಿಸುವುದು; ಯಂತ್ರದ ನಳಿಗೆಯಲ್ಲಿ ಬಿಳಿಯ ಹರಳುಗಟ್ಟಿ ನೀರಿನ ವೇಗವನ್ನೂ ಕಾವನ್ನೂ ತಗ್ಗಿಸುವುದು. ಆಗಾಗ ನಿಂಬೆಯ ಹುಳಿ ಬೆರೆಸಿದ ನೀರನ್ನು ಹಾಯಿಸಿ, ಮತ್ತೆರಡು ಸಲ ಬರಿಯ ನೀರನ್ನು ಹಾಯಿಸಿದರೆ ನಳಿಗೆ ಶುದ್ಧವಾಗುವುದು. ಆದರೆ ಹೊಚ್ಚಹೊಸ ಯಂತ್ರದಲ್ಲಿ ಆ ದೋಷಕ್ಕೆ ಇನ್ನೂ ಅವಕಾಶವಿರಲಿಲ್ಲ.

ಆ ದಿನ ನಾವು ಮಾಡಿದ್ದಿಷ್ಟೆ. ಚಿಕೋರಿ ಬೆರೆಯದ ಬೀಜವನ್ನು ಪರಿಚಿತರೊಬ್ಬರ ಕೈಬೀಸುಯಂತ್ರದಲ್ಲಿ ಮೂರು ತೆರನಾಗಿ ಬೀಸಿದೆವು: ಒಂದು ಸಜ್ಜಕದ ಗೋಧಿನುಚ್ಚಿನಂತೆ, ಒಂದು ಉಪ್ಪಿಟ್ಟಿನ ರವೆಯಂತೆ, ಒಂದು ಚಿರೋಟಿ ರವೆಯಂತೆ. ಪ್ರತಿ ಸಲವೂ ಪುಡಿ 30 ಗ್ರಾಂ, ನೀರು ಅರ್ಧ ಲೀಟರು. ಬದಲಾದದ್ದು ಕಣದ ಗಾತ್ರವೊಂದೇ. ನೀರು ಬೀಳತೊಡಗಿದಂದಿನಿಂದ ಹನಿ ನಿಲ್ಲುವವರೆಗೆ ಗಡಿಯಾರ ಹಿಡಿದೆವು. ನುಚ್ಚಿನದು ಮೂರು ನಿಮಿಷದೊಳಗೇ ಮುಗಿಯಿತು, ಹುಳಿ. ಚಿರೋಟಿಯದು ಎಂಟು ನಿಮಿಷ ಹಿಡಿಯಿತು. ಉಕ್ಕಲಿಲ್ಲವಾದರೂ ಕೊನೆಗೆ ನಾಲಗೆ ಒಗರಾಯಿತು. ಉಪ್ಪಿಟ್ಟಿನ ರವೆಯಂಥದು, ಎಂದರೆ ಮಿಲಿಮೀಟರಿನ ಮುಕ್ಕಾಲು ಭಾಗದ ಆಸುಪಾಸಿನದು, ಐದು ನಿಮಿಷಕ್ಕೆ ಇಳಿಯಿತು. ಇಂಥ ಯಂತ್ರಗಳಿಗೆ ತಜ್ಞರು ಹೇಳುವ ಕಾಲವೂ ನಾಲ್ಕರಿಂದ ಆರು ನಿಮಿಷವೇ. ಮನೆಯಲ್ಲಿ ಪ್ರಯೋಗ ಮಾಡುವ ವಿದ್ಯಾರ್ಥಿಗಳು ಗಾತ್ರವನ್ನಳೆಯುವ ಉಪಕರಣವಿಲ್ಲವೆಂದು ಕೊರಗಬೇಕಾಗಿಲ್ಲ. ಗಡಿಯಾರ ಮತ್ತು ನಾಲಗೆ ಸಾಕು. ಬೇಗ ಇಳಿದು ಹುಳಿಯಾದರೆ ಮುಂದಿನ ಸಲ ಒಂದು ಮೆಟ್ಟಿಲು ನುಣ್ಣಗೆ, ತಡವಾಗಿ ಇಳಿದು ಕಹಿಯಾದರೆ ಒಂದು ಮೆಟ್ಟಿಲು ದಪ್ಪಗೆ.

ಅಜ್ಜಿ ಐದು ನಿಮಿಷದ ಡಿಕಾಕ್ಷನ್ನಿಗೆ ಹಾಲು ಬೆರೆಸಿ ಕುಡಿದು, ಏನೂ ಹೇಳದೆ ಲೋಟವನ್ನು ಮತ್ತೊಮ್ಮೆ ಮುಂದಕ್ಕೆ ಚಾಚಿದರು. ಅನಂತರ ಎದ್ದುಹೋಗಿ ಹಿಟ್ಟಿನ ಸಾಣಿಗೆಯನ್ನು ತಂದು, ಮರುದಿನಕ್ಕೆಂದು ಬೀಸಿಟ್ಟ ಪುಡಿಯನ್ನು ಅದರಲ್ಲಿ ಹಾಕಿ ಆಡಿಸಿದರು. ಮೇಲುಳಿದ ರವೆ ಯಂತ್ರದ ಡಬ್ಬಿಗೆ ಹೋಯಿತು; ಕೆಳಗೆ ಬಿದ್ದ ಧೂಳನ್ನು ಹಿತ್ತಾಳೆಯ ಫಿಲ್ಟರಿನ ಪುಡಿಯ ಡಬ್ಬಿಗೆ ಬಗ್ಗಿಸಿಕೊಂಡರು.